ಮೈದಾನದ ಅಂಚಿನ ವೈದ್ಯರು

ಮಕ್ಕಳೇ, ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವಾಗ ಈ ದೃಶ್ಯವನ್ನು ನೀವೂ ಕಂಡಿರಬಹುದು. ವೇಗದ ಚೆಂಡೊಂದು ಬ್ಯಾಟ್ಸ್‌ಮನ್‌ನ ತಲೆಗೆ ಬಡಿಯುತ್ತದೆ. ಆಟ ನಿಲ್ಲುತ್ತದೆ. ಚೀಲ ಹಿಡಿದವರೊಬ್ಬರು ಓಡಿ ಬರುತ್ತಾರೆ. ರಕ್ತ ಬಂದಿಲ್ಲ, ಮೂಳೆ ಮುರಿದಿಲ್ಲ. ಆದರೂ ಅವರು ಆಟಗಾರನ ಕಣ್ಣುಗಳನ್ನೇ ನೋಡುತ್ತಾ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಇದು ಯಾವ ಮೈದಾನ? ಹಿಂದಿನ ಪಂದ್ಯವನ್ನು ಯಾರ ಮೇಲೆ ಆಡಿದಿರಿ? ಗೆದ್ದಿರೋ, ಸೋತಿರೋ? ತರಗತಿಯಲ್ಲಿ ಮೇಷ್ಟ್ರು ಕೇಳಬೇಕಾದಂತಹ ಪ್ರಶ್ನೆಗಳನ್ನು ಪಿಚ್ ಮೇಲೆ ಕೇಳುವುದೇಕೆ?

2019ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವೆ ಟೆಸ್ಟ್ ಪಂದ್ಯ ನಡೆಯುತ್ತಿತ್ತು. ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಅವರ ಕಿವಿಯ ಕೆಳಗೆ, ಕತ್ತಿಗೆ ಬಡಿಯಿತು. ಅವರು ನೆಲಕ್ಕೆ ಬಿದ್ದರು. ಒಳಗೆ ಕರೆದುಕೊಂಡು ಹೋಗಿ ಪರೀಕ್ಷಿಸಿದಾಗ ಎಲ್ಲ ಉತ್ತರವೂ ಸರಿಯಾಗಿತ್ತು. ಮತ್ತೆ ಬ್ಯಾಟ್ ಹಿಡಿದು ಬಂದು 92 ರನ್ನಿಗೆ ಔಟಾದರು. ಆದರೆ ಮರುದಿನ ಬೆಳಿಗ್ಗೆ ಅವರಿಗೆ ತಲೆನೋವು, ಮಂಕು. ವೈದ್ಯರು ಮತ್ತೆ ಪರೀಕ್ಷಿಸಿ ‘ಇನ್ನು ಈ ಪಂದ್ಯ ಆಡುವಂತಿಲ್ಲ’ ಎಂದರು. ಅದರ ಹಿಂದಿನ ಟೆಸ್ಟಿನ ಎರಡೂ ಇನಿಂಗ್ಸ್‌ನಲ್ಲಿ ಶತಕ ಹೊಡೆದಿದ್ದ ಆಟಗಾರ ಅವರು! ಆದರೂ ಯಾರೂ ಎದುರಾಡಲಿಲ್ಲ. ಬದಲಿಗೆ ಮಾರ್ನಸ್ ಲಾಬುಶೇನ್ ಬ್ಯಾಟ್ ಮಾಡಿದರು. ತಲೆಪೆಟ್ಟಿನ ಕಾರಣಕ್ಕೆ ಟೆಸ್ಟ್ ಪಂದ್ಯದಲ್ಲಿ ಬದಲಿ ಆಟಗಾರ ಬಂದದ್ದು ಅದೇ ಮೊದಲು. ಆ ನಿಯಮ ಜಾರಿಗೆ ಬಂದಿದ್ದೂ ಅದೇ ತಿಂಗಳು.

ತಂಡದ ನಾಯಕನಿಗೂ ಇಲ್ಲದ, ತರಬೇತುದಾರನಿಗೂ ಇಲ್ಲದ ಈ ಅಧಿಕಾರ ವೈದ್ಯರಿಗೆ ಹೇಗೆ ಬಂತು? ಯಾರನ್ನು ಆಡಿಸಬೇಕು, ಯಾರನ್ನು ನಿಲ್ಲಿಸಬೇಕು ಎಂಬುದನ್ನು ಅವರು ಎಲ್ಲಿ ಕಲಿಯುತ್ತಾರೆ? ಈ ಕಲಿಕೆಗೆ ಕ್ರೀಡಾ ವೈದ್ಯಶಾಸ್ತ್ರದ ಫೆಲೋಶಿಪ್ ಎಂದು ಹೆಸರು. ಇದನ್ನು ಬಹಳ ವ್ಯವಸ್ಥಿತವಾಗಿ ಬೆಳೆಸಿರುವ ದೇಶಗಳಲ್ಲಿ ಅಮೆರಿಕವೂ ಒಂದು. ಅಲ್ಲಿನ ಕ್ರಮವನ್ನೇ ನೋಡೋಣ, ಬನ್ನಿ.

ವೈದ್ಯರಾದ ಮೇಲೂ ವಿದ್ಯಾರ್ಥಿ

ಅಮೆರಿಕದಲ್ಲಿ ಹನ್ನೆರಡನೆಯ ತರಗತಿ ಮುಗಿದ ಮೇಲೆ ನಾಲ್ಕು ವರ್ಷ ಕಾಲೇಜು. ಆಮೇಲೆ ನಾಲ್ಕು ವರ್ಷ ವೈದ್ಯಕೀಯ ಕಾಲೇಜು. ಅಲ್ಲಿಗೆ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರುತ್ತದೆ. ಆದರೆ ಸ್ವತಂತ್ರವಾಗಿ ರೋಗಿಗಳನ್ನು ನೋಡುವ ಮೊದಲು ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ದುಡಿದು ಕಲಿಯುವ ರೆಸಿಡೆನ್ಸಿ ಎಂಬ ಘಟ್ಟವಿದೆ. ಕುಟುಂಬ ವೈದ್ಯರಿಗೂ ಮಕ್ಕಳ ವೈದ್ಯರಿಗೂ ಇದು ಮೂರು ವರ್ಷ. ಕೆಲವು ವಿಭಾಗಗಳಿಗೆ ನಾಲ್ಕು. ಇದೆಲ್ಲ ಮುಗಿದ ಮೇಲೆ ಆಸೆಯಿದ್ದವರಿಗೆ ಇನ್ನೂ ಒಂದು ವರ್ಷದ ಫೆಲೋಶಿಪ್. ನಾಲ್ಕು, ನಾಲ್ಕು, ಮೂರು, ಒಂದು. ಕೂಡಿಸಿ ನೋಡಿ. ನೀವು ಒಂದನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಓದುವಷ್ಟೇ ವರ್ಷಗಳು ಮತ್ತೊಮ್ಮೆ!

ಫೆಲೋ ಎಂದರೆ ಜೊತೆಗಾರ. ಅನುಭವಿ ವೈದ್ಯರ ಜೊತೆಗಾರನಾಗಿ ಒಂದು ವರ್ಷ ಅವರ ಬೆನ್ನಿಗೇ ಇದ್ದು ಕಲಿಯುವುದು ಇದರ ತಿರುಳು. ಬಡಗಿಯ ಬಳಿ, ಕಮ್ಮಾರನ ಬಳಿ ಕೆಲಸ ಕಲಿಯುವವರು ಮಾಡುವುದೂ ಇದನ್ನೇ ಅಲ್ಲವೇ?

ಆಟ ಮತ್ತು ವೈದ್ಯ ಇವೆರಡನ್ನೂ ಸೇರಿಸಿ ಯೋಚಿಸುವುದು ತೀರಾ ಹೊಸದೇನಲ್ಲ. 1928ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಜ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಅಲ್ಲಿ ಸೇರಿದ್ದ ವೈದ್ಯರು ಅಂತಾರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಆದರೆ ಅಮೆರಿಕದಲ್ಲಿ ಇದನ್ನು ವೈದ್ಯಕೀಯದ ಒಂದು ಉಪಶಾಖೆ ಎಂದು ಒಪ್ಪಿಕೊಂಡದ್ದು 1989ರಲ್ಲಿ. ಅದರ ಮೊದಲ ಅರ್ಹತಾ ಪರೀಕ್ಷೆ ನಡೆದದ್ದು 1993ರಲ್ಲಿ.

ಯಾವ ವೈದ್ಯರು ಯಾವ ಊರಿನಲ್ಲಿ ಫೆಲೋ ಆಗಬೇಕೆಂದು ತೀರ್ಮಾನವಾಗುವ ಬಗೆ ಸ್ವಾರಸ್ಯವಾಗಿದೆ. ಅಭ್ಯರ್ಥಿಗಳು ತಮಗೆ ಇಷ್ಟವಾದ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ. ಆಸ್ಪತ್ರೆಗಳೂ ತಮಗೆ ಬೇಕಾದ ಅಭ್ಯರ್ಥಿಗಳ ಪಟ್ಟಿಯನ್ನು ಕೊಡುತ್ತವೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ. ಹೊಂದಾಣಿಕೆ ಮುಗಿದ ಮೇಲೆ ‘ನಾವಿಬ್ಬರೂ ಅದಲುಬದಲಾಗಿದ್ದರೆ ಇಬ್ಬರಿಗೂ ಇನ್ನಷ್ಟು ಒಳ್ಳೆಯದಾಗುತ್ತಿತ್ತು’ ಎಂದು ಯಾವ ವೈದ್ಯರಿಗೂ ಆಸ್ಪತ್ರೆಗೂ ಒಟ್ಟಿಗೆ ಅನ್ನಿಸಬಾರದು. ಅದು ಈ ಗಣಿತದ ಗುರಿ. ಇಂತಹ ಹೊಂದಾಣಿಕೆಯ ಗಣಿತಕ್ಕಾಗಿಯೇ ಲಾಯ್ಡ್ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ನೀವು ಆಟಕ್ಕೆ ತಂಡ ಹಂಚಿಕೊಳ್ಳುವಾಗ ಆಗುವ ಜಗಳಕ್ಕೂ ಇದರಲ್ಲಿ ಪರಿಹಾರವಿದೆ ಎಂದು ನನಗೆ ಅನುಮಾನ. ಅದು ಇನ್ನೊಂದು ಸಂಚಿಕೆಗೆ ಇರಲಿ.

ಕೈಯೇ ಮೊದಲ ಯಂತ್ರ

ಕ್ರೀಡಾ ವೈದ್ಯರೆಂದರೆ ಮೂಳೆ ಕತ್ತರಿಸಿ ಜೋಡಿಸುವವರು ಎಂದು ಹಲವರು ತಿಳಿದಿದ್ದಾರೆ. ಶಸ್ತ್ರಚಿಕಿತ್ಸಕರಿಗೆ ಬೇರೆಯದೇ ಫೆಲೋಶಿಪ್ ಇದೆ. ನಾವು ಮಾತನಾಡುತ್ತಿರುವವರು ಚಾಕು ಹಿಡಿಯದ ವೈದ್ಯರು. ಆಟದ ಗಾಯಗಳಲ್ಲಿ ಬಹುಪಾಲಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಬೇಕೋ ಬೇಡವೋ ಎಂದು ತಿಳಿಯುವ ಜಾಣ್ಮೆ ಬೇಕು.

ಫೆಲೋಗಳ ವಾರ ಹೇಗಿರುತ್ತದೆ? ಬೆಳಿಗ್ಗೆ ಚಿಕಿತ್ಸಾಲಯದಲ್ಲಿ ಮೊಣಕಾಲು, ಭುಜ, ಪಾದ ಹಿಡಿದು ಪರೀಕ್ಷೆ. ಸಂಜೆ ಕಾಲೇಜಿನ ಆಟಗಾರರು ಅಭ್ಯಾಸ ಮಾಡುವ ಕಡೆಗೆ. ಶುಕ್ರವಾರ ರಾತ್ರಿ ಯಾವುದಾದರೂ ಪ್ರೌಢಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ಗೆರೆಯ ಪಕ್ಕ ನಿಲ್ಲುವುದು. ನಡುವೆ ವಾರಕ್ಕೆ ಅರ್ಧ ದಿನವಾದರೂ ತಮ್ಮ ಮೂಲ ವಿಭಾಗದ ರೋಗಿಗಳನ್ನು ನೋಡಬೇಕು. ಕುಟುಂಬ ವೈದ್ಯರಾಗಿದ್ದವರು ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಗಳನ್ನು ಮರೆಯಬಾರದಲ್ಲ!

ಪಾದ ಉಳುಕಿದವರು ಬಂದರೆ ಕೂಡಲೇ ಎಕ್ಸ್-ರೇ ತೆಗೆಯುವುದಿಲ್ಲ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ನಿಯಮ ಪ್ರಕಟಿಸಿದರು. ಪಾದದ ಕೀಲಿನ ಎರಡೂ ಕಡೆ ಉಬ್ಬಿರುವ ಮೂಳೆಯ ಹಿಂಬದಿಯನ್ನೂ ಪಾದದ ಎರಡು ನಿರ್ದಿಷ್ಟ ಜಾಗಗಳನ್ನೂ ಒತ್ತಿ ನೋಡಬೇಕು. ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ಒತ್ತಿದಲ್ಲಿ ನೋವಿಲ್ಲ, ನಾಲ್ಕು ಹೆಜ್ಜೆ ಇಡಬಲ್ಲ ಎಂದಾದರೆ ಮೂಳೆ ಮುರಿದಿರುವ ಸಂಭವ ತೀರಾ ಕಡಿಮೆ. ಬೆರಳು ಮತ್ತು ಕಣ್ಣು ಸಾಕು, ಯಂತ್ರ ಬೇಡ.

ಯಂತ್ರವೇ ಬೇಕಾದಾಗ ಅವರ ನೆಚ್ಚಿನದು ಅಲ್ಟ್ರಾಸೌಂಡ್. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಮಾತ್ರ ಕೇಳುತ್ತದೆ. ಈ ಯಂತ್ರದ ಶಬ್ದ ಹತ್ತಾರು ಲಕ್ಷ ಕಂಪನಗಳದು. ಅದು ಚರ್ಮದೊಳಗೆ ಹೋಗಿ ಸ್ನಾಯು, ಮೂಳೆಗಳಿಗೆ ಬಡಿದು ಪ್ರತಿಧ್ವನಿಯಾಗಿ ಮರಳುತ್ತದೆ. ಆ ಪ್ರತಿಧ್ವನಿಯಿಂದ ಚಿತ್ರ ಮೂಡುತ್ತದೆ. ಎಕ್ಸ್-ರೇ ನಿಂತ ಚಿತ್ರ ಕೊಟ್ಟರೆ ಇದು ಚಲಿಸುವ ಚಿತ್ರ ಕೊಡುತ್ತದೆ. ಆಟಗಾರ ತೋಳೆತ್ತುತ್ತಿರುವಾಗಲೇ ಒಳಗಿನ ಸ್ನಾಯುರಜ್ಜು ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ನೋಡಬಹುದು. ಬಾವಲಿಗೆ ಹುಟ್ಟಿನಿಂದ ಬಂದ ವಿದ್ಯೆಯನ್ನು ಫೆಲೋಗಳು ವರ್ಷವಿಡೀ ಕೈಯಾಡಿಸಿ ಕಲಿಯುತ್ತಾರೆ.

ಕಾಣದ ಪೆಟ್ಟು

ಮೂಳೆಯ ಪೆಟ್ಟು ಕಾಣುತ್ತದೆ. ಮೆದುಳಿನ ಪೆಟ್ಟು ಕಾಣುವುದಿಲ್ಲ. ಫೆಲೋಶಿಪ್‌ನ ಅತಿ ಕಷ್ಟದ ಪಾಠ ಇದೇ ಎಂದು ನನ್ನ ಅಭಿಪ್ರಾಯ.

ಒಂದು ಪ್ರಯೋಗ ಮಾಡಿ. ಪಾರದರ್ಶಕವಾದ ಮುಚ್ಚಳದ ಡಬ್ಬಿಯಲ್ಲಿ ಸಿಪ್ಪೆ ಸುಲಿದ ಬೆಂದ ಮೊಟ್ಟೆಯನ್ನೋ, ಚೆನ್ನಾಗಿ ಹಣ್ಣಾದ ಪಪ್ಪಾಯಿಯ ತುಂಡನ್ನೋ ಇಟ್ಟು ನೀರು ತುಂಬಿ ಮುಚ್ಚಿ. ಡಬ್ಬಿಯನ್ನು ವೇಗವಾಗಿ ಮುಂದೆ ತಳ್ಳಿ ತಟ್ಟನೆ ನಿಲ್ಲಿಸಿ. ಡಬ್ಬಿ ನಿಂತರೂ ಒಳಗಿನದು ನಿಲ್ಲದೆ ಮುಂದೆ ಹೋಗಿ ಗೋಡೆಗೆ ಬಡಿಯುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನೀವು ಮುಂದೆ ವಾಲುತ್ತೀರಲ್ಲ, ಅದೇ ಜಡತ್ವ. ತಲೆಬುರುಡೆಯೂ ಒಂದು ಡಬ್ಬಿ. ಸುಮಾರು 1.4 ಕಿಲೋಗ್ರಾಂ ತೂಕದ ಮೆತ್ತನೆಯ ಮೆದುಳು ಅದರೊಳಗೆ ದ್ರವದಲ್ಲಿ ತೇಲುತ್ತಿದೆ. ತಲೆ ತಟ್ಟನೆ ನಿಂತಾಗ ಅಥವಾ ತಿರುಗಿದಾಗ ಮೆದುಳು ಅಲುಗುತ್ತದೆ, ತಿರುಚುತ್ತದೆ. ಅದರ ನರಕೋಶಗಳ ಕೆಲಸ ಸ್ವಲ್ಪ ಕಾಲ ಕೆಡುತ್ತದೆ. ಇದೇ ಕನ್ಕಷನ್. ಸಾಮಾನ್ಯ ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ಕೆಟ್ಟಿರುವುದು ಮೆದುಳಿನ ಆಕಾರವಲ್ಲ, ಕೆಲಸ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು.

ಹಾಗಾಗಿ ವೈದ್ಯರು ಮೆದುಳಿಗೆ ಕೆಲಸ ಕೊಟ್ಟು ನೋಡುತ್ತಾರೆ. ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುತ್ತಾರೆ. ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಹೇಳಿಸುತ್ತಾರೆ. ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸುತ್ತಾರೆ. ಪಿಚ್ ಮೇಲಿನ ಪ್ರಶ್ನೆಗಳ ಗುಟ್ಟು ಈಗ ತಿಳಿಯಿತೇ? ಸ್ಮಿತ್ ಅವರಿಗೆ ಆದಂತೆ, ಲಕ್ಷಣಗಳು ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಪರೀಕ್ಷೆ ಒಮ್ಮೆ ಮಾಡಿದರೆ ಸಾಲದು.

ಇಲ್ಲೊಂದು ತೊಡಕಿದೆ. ಪೆಟ್ಟು ತಿಂದವನನ್ನು ‘ಹೇಗಿದ್ದೀಯ?’ ಎಂದು ಕೇಳಿದರೆ ‘ಏನೂ ಆಗಿಲ್ಲ, ಆಡುತ್ತೇನೆ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿರಬೇಕೆಂದಿಲ್ಲ. ತನಗೇನಾಗಿದೆ ಎಂದು ತೀರ್ಮಾನಿಸಬೇಕಾದ ಮೆದುಳಿಗೇ ಪೆಟ್ಟಾಗಿದೆ. ತಕ್ಕಡಿಯೇ ಕೆಟ್ಟರೆ ತೂಕ ಹೇಗೆ ಸರಿ ಬಂದೀತು?

ಜ್ಯಾಕರಿ ಲಿಸ್ಟೆಟ್ ಎಂಬ ಹುಡುಗನ ಕಥೆ ಕೇಳಿ. ಅಮೆರಿಕದ ವಾಷಿಂಗ್ಟನ್ ರಾಜ್ಯದವನು. 2006ರಲ್ಲಿ ಅವನಿಗೆ 13 ವರ್ಷ. ಶಾಲಾ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವವನನ್ನು ಎದುರಾಳಿಗಳು ಕಬಡ್ಡಿಯಲ್ಲಿ ಹಿಡಿಯುವಂತೆ ಹಿಡಿದು ಕೆಡವುವ ಆಟ. ಒಬ್ಬನನ್ನು ಕೆಡವುವಾಗ ಜ್ಯಾಕರಿಯ ತಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಕೂತಿದ್ದ. ದ್ವಿತೀಯಾರ್ಧದಲ್ಲಿ ಮತ್ತೆ ಆಟಕ್ಕಿಳಿದ. ಪಂದ್ಯ ಮುಗಿಯುತ್ತಲೇ ಕುಸಿದುಬಿದ್ದ. ಮೆದುಳಿನ ಒತ್ತಡ ಇಳಿಸಲು ವೈದ್ಯರು ತಲೆಬುರುಡೆಯ ಎರಡೂ ಬದಿಯ ಭಾಗಗಳನ್ನು ತೆಗೆಯಬೇಕಾಯಿತು. ಅವನು ಮತ್ತೆ ಮೊದಲ ಮಾತಾಡಲು ಒಂಬತ್ತು ತಿಂಗಳು ಹಿಡಿಯಿತು.

ಜ್ಯಾಕರಿಯ ತಂದೆತಾಯಿ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯ ಸ್ಟ್ಯಾನ್ಲಿ ಹೆರಿಂಗ್ ಮೊದಲಾದವರು ಸೇರಿ ಒಂದು ಕಾನೂನಿಗಾಗಿ ದುಡಿದರು. 2009ರ ಮೇ ತಿಂಗಳಲ್ಲಿ ಅದು ಅಂಗೀಕಾರವಾಯಿತು. ಹುಡುಗನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಕನ್ಕಷನ್ ಆಗಿದೆ ಎಂಬ ಅನುಮಾನ ಬಂದರೂ ಸಾಕು, ಆಟಗಾರನನ್ನು ಹೊರಗೆ ಕರೆಯಬೇಕು. ತರಬೇತಿ ಪಡೆದ ವೈದ್ಯಕೀಯ ಪರಿಣತರು ಲಿಖಿತವಾಗಿ ಒಪ್ಪಿಗೆ ಕೊಡುವವರೆಗೆ ಮರಳಿ ಆಡಿಸುವಂತಿಲ್ಲ. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂತಹ ಕಾನೂನು ಬಂತು. ಆ ಲಿಖಿತ ಒಪ್ಪಿಗೆಗೆ ಸಹಿ ಹಾಕಬಲ್ಲವರು ಬೇಕಲ್ಲ? ಫೆಲೋಗಳು ತಯಾರಾಗುವುದು ಅದಕ್ಕೂ ಹೌದು.

ಮರಳಿ ಆಡಿಸುವುದಕ್ಕೆ ಆರು ಮೆಟ್ಟಿಲುಗಳ ಕ್ರಮವಿದೆ. ದಿನನಿತ್ಯದ ಓಡಾಟ, ಹಗುರ ವ್ಯಾಯಾಮ, ಒಂಟಿಯಾಗಿ ಅಭ್ಯಾಸ ಎಂದು ಏರುತ್ತಾ ಕೊನೆಗೆ ಪಂದ್ಯ. ಪ್ರತಿ ಮೆಟ್ಟಿಲಿಗೂ ಕಡಿಮೆಯೆಂದರೆ ಒಂದು ದಿನ. ಹಿಂದೆ ಇಂಥವರನ್ನು ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. ಈಗ ಹಾಗಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಒಂದೆರಡು ದಿನದ ವಿಶ್ರಾಂತಿ ಸಾಕು, ಆಮೇಲೆ ನಿಧಾನವಾಗಿ ನಡೆದಾಡಿಸುವುದೇ ಮೇಲು ಎಂದರು. ವಿಜ್ಞಾನದಲ್ಲಿ ನಿನ್ನೆಯ ಔಷಧ ಇಂದು ಬದಲಾಗುವುದು ಹೀಗೆ.

ನಿಮ್ಮ ಗೆಳೆಯ ಖೊಖೊ ಕಂಬಕ್ಕೆ ತಲೆ ಬಡಿಸಿಕೊಂಡು ಮಂಕಾಗಿ ಕೂತರೆ, ವಾಂತಿ ಮಾಡಿದರೆ, ಅಥವಾ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಶಿಕ್ಷಕರಿಗೆ ಹೇಳಿ. ಅವನು ‘ಹೇಳಬೇಡ’ ಎಂದರೂ ಹೇಳಿ.

ಮೊದಲು ತಣ್ಣೀರು, ಆಮೇಲೆ ಆಸ್ಪತ್ರೆ

ಓಡುವಾಗ ಸ್ನಾಯುಗಳು ಶಾಖ ಹುಟ್ಟಿಸುತ್ತವೆ. ಬೆವರು ಆವಿಯಾಗುತ್ತಾ ಆ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ತತ್ವದಿಂದ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಓಟಗಾರ ತೊದಲುತ್ತಾ ತೂರಾಡಿದರೆ ಅದು ಶಾಖಾಘಾತ. ಹಣೆ ಮುಟ್ಟಿ, ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ನಿಜವಾದ ಅಂಕಿ ಸಿಗುವುದಿಲ್ಲ. ಗುದದ್ವಾರದ ಮೂಲಕ ಅಳೆಯಬೇಕು. ಮುಜುಗರ ಬಿಟ್ಟು ಇದನ್ನು ಮಾಡಲು ಫೆಲೋಗಳಿಗೆ ಕಲಿಸುತ್ತಾರೆ.

2001ರ ಆಗಸ್ಟ್ 1ರಂದು ಕೋರಿ ಸ್ಟ್ರಿಂಗರ್ ಎಂಬ ಬಲಿಷ್ಠ ಫುಟ್‌ಬಾಲ್ ಆಟಗಾರ ಅಭ್ಯಾಸದ ಸಮಯದಲ್ಲಿ ಆದ ಶಾಖಾಘಾತದಿಂದ ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯೊಂದು 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಸಂಶೋಧನೆ ನಡೆಸುತ್ತಿದೆ. ಮ್ಯಾಸಚೂಸೆಟ್ಸ್‌ನ ಫಾಲ್ಮೌತ್ ಊರಿನಲ್ಲಿ ಪ್ರತಿ ಆಗಸ್ಟಿನಲ್ಲಿ ರಸ್ತೆ ಓಟ ನಡೆಯುತ್ತದೆ. ಅಲ್ಲಿ 18 ವರ್ಷಗಳ ದಾಖಲೆಯಲ್ಲಿ 274 ಮಂದಿಗೆ ಶಾಖಾಘಾತವಾಗಿತ್ತು. ಎಲ್ಲರನ್ನೂ ಗುಡಾರದಲ್ಲೇ ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಗೆ ಇಳಿಸಿದರು. ಒಬ್ಬರೂ ಸಾಯಲಿಲ್ಲ! ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆಂಬುಲೆನ್ಸ್‌ಗಾಗಿ ಕಾಯುತ್ತಾ ಕೂತರೆ ಅಷ್ಟೂ ಹೊತ್ತು ಮೆದುಳು ಬೇಯುತ್ತಿರುತ್ತದೆ. ಆದ್ದರಿಂದ ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದು ಈ ವೈದ್ಯರ ನಿಯಮ.

ಒಂದು ಗಂಟೆ ಮೊದಲಿನ ಸಭೆ

2023ರ ಜನವರಿ 2ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ಡಾಮಾರ್ ಹ್ಯಾಮ್ಲಿನ್ ಎಂಬ 24 ವರ್ಷದ ಆಟಗಾರ ಎದುರಾಳಿಯನ್ನು ಕೆಡವಿ, ಎದ್ದು ನಿಂತು, ಮರುಕ್ಷಣ ಹಿಮ್ಮುಖವಾಗಿ ಬಿದ್ದರು. ಹೃದಯ ನಿಂತಿತ್ತು. ಹೃದಯದ ಪ್ರತಿ ಬಡಿತದಲ್ಲೂ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಸೂಕ್ಷ್ಮ ಗಳಿಗೆ ಇರುತ್ತದೆ. ಸರಿಯಾಗಿ ಆಗಲೇ ಎದೆಗೆ ಪೆಟ್ಟು ಬಿದ್ದರೆ ಅದರ ವಿದ್ಯುತ್ ತಾಳ ತಪ್ಪುತ್ತದೆ. ಆರೋಗ್ಯವಂತ ಹೃದಯಕ್ಕೂ ಹೀಗಾಗಬಹುದು.

ತಂಡದ ವೈದ್ಯಕೀಯ ಸಿಬ್ಬಂದಿ ಕೂಡಲೇ ಓಡಿಬಂದು ಎದೆ ಒತ್ತತೊಡಗಿದರು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಡಿಫಿಬ್ರಿಲೇಟರ್ ಯಂತ್ರದಿಂದ ವಿದ್ಯುತ್ ಹಾಯಿಸಿದರು. ಈ ಕೆಲಸ ಒಂದು ನಿಮಿಷ ತಡವಾದರೆ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಹ್ಯಾಮ್ಲಿನ್ ಬದುಕಿದರು. ಅದೇ ವರ್ಷ ಮತ್ತೆ ಮೈದಾನಕ್ಕೂ ಮರಳಿದರು.

ಅಲ್ಲಿ ಯಾರಿಗೂ ಗಲಿಬಿಲಿಯಾಗಲಿಲ್ಲ. ಆ ಲೀಗಿನಲ್ಲಿ ಪ್ರತಿ ಪಂದ್ಯಕ್ಕೆ ಒಂದು ಗಂಟೆ ಮೊದಲು ಎರಡೂ ತಂಡಗಳ ವೈದ್ಯರು, ತುರ್ತು ಸಿಬ್ಬಂದಿ, ಅಂಪೈರರು ಸಭೆ ಸೇರುತ್ತಾರೆ. ಯಂತ್ರ ಎಲ್ಲಿದೆ, ಆಂಬುಲೆನ್ಸ್ ಯಾವ ಬಾಗಿಲಲ್ಲಿದೆ, ಯಾವ ಆಸ್ಪತ್ರೆಗೆ ಒಯ್ಯಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಇಂತಹ ಯೋಜನೆ ಬರೆಯುವುದೂ ಫೆಲೋಶಿಪ್‌ನ ಪಾಠ. ವರ್ಷದ ಬಹುಪಾಲು ಪಂದ್ಯಗಳಲ್ಲಿ ಆ ಯೋಜನೆ ಬಳಕೆಗೇ ಬರುವುದಿಲ್ಲ. ಫೆಲೋ ಸುಮ್ಮನೆ ನಿಂತು, ಚಳಿಯಲ್ಲಿ ಕೈ ಉಜ್ಜಿಕೊಂಡು ಮನೆಗೆ ಹೋಗುತ್ತಾರೆ!

ನಮ್ಮ ದೇಶದಲ್ಲಿ

ಭಾರತದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಕ್ರೀಡಾ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂ.ಡಿ. ಓದಬಹುದು. ಮೂಳೆ ಶಸ್ತ್ರಚಿಕಿತ್ಸೆ ಕಲಿತವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಫೆಲೋಶಿಪ್ ಇದೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಈ ವಿಷಯದ ಹಳೆಯ ಕೇಂದ್ರಗಳಲ್ಲಿ ಒಂದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಆಟದ ಗಾಯಗಳಿಗೆಂದೇ ಕೇಂದ್ರವೊಂದು ತೆರೆಯಿತು. ಆದರೆ ಇಷ್ಟು ದೊಡ್ಡ ದೇಶಕ್ಕೆ ಇಂತಹ ವೈದ್ಯರು ತೀರಾ ಕಡಿಮೆ. ಕ್ಲಸ್ಟರ್ ಮಟ್ಟದ ಕ್ರೀಡಾಕೂಟದಲ್ಲಿ ಗೆರೆಯ ಪಕ್ಕ ನಿಲ್ಲುವವರು ನಿಮ್ಮ ದೈಹಿಕ ಶಿಕ್ಷಕರೇ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತಣ್ಣೀರಿನ ಡ್ರಮ್ಮು, ನೆರಳು, 108ಕ್ಕೆ ಕರೆ ಮಾಡುವವರು ಯಾರೆಂಬ ತೀರ್ಮಾನ, ಇಷ್ಟನ್ನು ಆಟ ಶುರುವಾಗುವ ಮೊದಲೇ ನೋಡಿಕೊಳ್ಳಲು ಫೆಲೋಶಿಪ್ ಬೇಕಾಗಿಲ್ಲ.

ಮಾಡಿ ನೋಡಿ

ಫೆಲೋಗಳು ಬಳಸುವ ಪರೀಕ್ಷೆಯೊಂದನ್ನು ನೀವೂ ಮಾಡಬಹುದು. ಮಣ್ಣಿನ ನೆಲದಲ್ಲಿ ಚಪ್ಪಲಿ ಬಿಟ್ಟು ನಿಲ್ಲಿ. ಎರಡೂ ಕೈ ಸೊಂಟದ ಮೇಲಿರಲಿ. ನೀವು ಚೆಂಡು ಒದೆಯುವ ಕಾಲನ್ನು ಎತ್ತಿ, ಇನ್ನೊಂದು ಕಾಲಿನ ಮೇಲೆ ನಿಂತು ಕಣ್ಣು ಮುಚ್ಚಿ. ಗೆಳೆಯ ಪಕ್ಕದಲ್ಲೇ ಇದ್ದು 20 ಸೆಕೆಂಡ್ ಎಣಿಸಲಿ. ಕಣ್ಣು ತೆರೆದರೆ ಒಂದು ತಪ್ಪು. ಕೈ ಸೊಂಟ ಬಿಟ್ಟರೆ ಒಂದು ತಪ್ಪು. ಎತ್ತಿದ ಕಾಲು ನೆಲ ಮುಟ್ಟಿದರೆ ಒಂದು ತಪ್ಪು. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಮಾಡಿ. ಓಡಿ ಸುಸ್ತಾದ ಕೂಡಲೇ ಒಮ್ಮೆ ಮಾಡಿ, ಹದಿನೈದು ನಿಮಿಷ ಕೂತು ಮತ್ತೊಮ್ಮೆ ಮಾಡಿ. ತಪ್ಪುಗಳ ಸಂಖ್ಯೆ ಬದಲಾಗುತ್ತದೆಯೇ? ಆರೋಗ್ಯವಾಗಿದ್ದಾಗಿನ ಅಂಕಿ ಮೊದಲೇ ಬರೆದಿಟ್ಟಿದ್ದರೆ ತಾನೆ, ಪೆಟ್ಟು ಬಿದ್ದ ದಿನ ಹೋಲಿಸಿ ನೋಡಲು ಬರುವುದು? ಅದಕ್ಕೇ ದೊಡ್ಡ ತಂಡಗಳಲ್ಲಿ ಋತುವಿನ ಆರಂಭದಲ್ಲಿಯೇ ಇದನ್ನು ಮಾಡಿ ಬರೆದಿಡುತ್ತಾರೆ. ನಿಮ್ಮ ತರಗತಿಯ ಎಲ್ಲರ ಅಂಕಿಗಳನ್ನು ದಿನಾಂಕದ ಸಹಿತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.